ಸಪ್ತೋಪಾಯ ನಿರ್ಣಯ: ಆ್ಯಂಟಿಬಯೋಟಿಕ್ ಪ್ರತಿರೋಧದ ಮೇಲೆ ರಾಷ್ಟ್ರಗಳು ಹೂಡುವ ಯುದ್ಧದ ವರ್ಗೀಕರಣ

ಲಕ್ಷಣ ವಿಚಾರ

ಯಾವುದೇ ಜಾತಿಯ ವಸ್ತು ಲೋಕದಲ್ಲಿ ನೂರನ್ನು ಮೀರಿದ ಮೇಲೆ ಅದಕ್ಕೊಂದು ಶಾಸ್ತ್ರ ಬೇಕು. ಆನೆಗೆ ಗಜಶಾಸ್ತ್ರವಿದೆ, ಕುದುರೆಗೆ ಅಶ್ವಶಾಸ್ತ್ರವಿದೆ, ಅಡುಗೆಗೆ ಸೂಪಶಾಸ್ತ್ರವಿದೆ. ಆದರೆ 2023ರ ಕೊನೆಯ ಹೊತ್ತಿಗೆ 178 ದೇಶಗಳು ಬರೆದಿಟ್ಟುಕೊಂಡಿದ್ದ ‘ಆ್ಯಂಟಿಬಯೋಟಿಕ್ ಪ್ರತಿರೋಧ ತಡೆಯುವ ರಾಷ್ಟ್ರೀಯ ಕ್ರಿಯಾಯೋಜನೆ’ ಎಂಬ ಹೊತ್ತಗೆಗೆ ಮಾತ್ರ ಲಕ್ಷಣಕಾರ ಹುಟ್ಟಲಿಲ್ಲ. ಆ ಕೊರತೆ ನೀಗಿಸಲೆಂದು ಈ ಪ್ರಬಂಧ.

ಹೊತ್ತಗೆಯ ಜನ್ಮವೃತ್ತಾಂತ ಚಿಕ್ಕದು. 2015ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಕೂಡಿದ 68ನೇ ವಿಶ್ವ ಆರೋಗ್ಯ ಸಮ್ಮೇಳನ ಒಂದು ಜಾಗತಿಕ ಯೋಜನೆಯನ್ನು ಒಪ್ಪಿ, ಎರಡು ವರ್ಷದೊಳಗೆ ಪ್ರತಿ ದೇಶವೂ ತನ್ನದೊಂದನ್ನು ಮಾಡಿಕೊಳ್ಳಲಿ ಎಂದು ಹೇಳಿತು. ಮೂಲದಲ್ಲಿ ಐದು ಉದ್ದೇಶಗಳಿದ್ದವು: ಜನರಿಗೆ ತಿಳಿವಳಿಕೆ, ಪ್ರತಿರೋಧದ ಮೇಲೆ ಕಣ್ಗಾವಲು, ಸೋಂಕಿನ ತಡೆ, ಔಷಧದ ಹಿತಮಿತ ಬಳಕೆ, ಹೊಸ ಔಷಧಕ್ಕೆ ಬಂಡವಾಳ. ದೇಶಗಳು ವಿಧೇಯ ವಿದ್ಯಾರ್ಥಿಗಳಂತೆ ಐದನ್ನೂ ನಕಲು ಮಾಡಿಕೊಂಡವು.

ಹಾಗಾದರೆ ‘ಐದು ಉದ್ದೇಶಗಳುಳ್ಳದ್ದೇ ಯೋಜನೆ’ ಎಂದು ಲಕ್ಷಣ ಹೇಳಿಬಿಡಬಹುದಲ್ಲ ಎಂದು ಶಿಷ್ಯನ ಪ್ರಶ್ನೆ. ಕೂಡದು. 2017ರ ಏಪ್ರಿಲ್‌ನಲ್ಲಿ ಹೊರಬಂದ ಭಾರತದ ಯೋಜನೆಯಲ್ಲಿ ಆರು ಆದ್ಯತೆಗಳಿವೆ. ಆರನೆಯದು ಈ ವಿಷಯದಲ್ಲಿ ಭಾರತದ ನಾಯಕತ್ವವನ್ನು ಬಲಪಡಿಸುವುದು. ಐದರ ಲಕ್ಷಣ ಭಾರತವನ್ನೇ ಹೊರಗಿಡುವುದರಿಂದ ಇದು ಅವ್ಯಾಪ್ತಿ ದೋಷ. ‘ಹಣ ಮೀಸಲಿಟ್ಟದ್ದೇ ಯೋಜನೆ’ ಎನ್ನೋಣವೇ? ಆ 178ರಲ್ಲಿ ರಾಷ್ಟ್ರೀಯ ಬಜೆಟ್‌ನಿಂದ ಹಣ ಕೊಟ್ಟ ದೇಶಗಳು ಶೇ 11ರಷ್ಟು ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದ್ದರಿಂದ, ಇದು ಅವ್ಯಾಪ್ತಿಯನ್ನೂ ದಾಟಿ ಅಸಂಭವ ದೋಷದ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ‘ಮೊದಲ ಪುಟಗಳಲ್ಲಿ ಮಂತ್ರಿಗಳ ಸಂದೇಶವಿರುವುದೇ ಯೋಜನೆ’ ಎಂದರೆ ಕುರಿ ಸಾಕಣೆಯ ಕೈಪಿಡಿಯಿಂದ ಹಿಡಿದು ಹಂಪಿ ಉತ್ಸವದ ಸ್ಮರಣ ಸಂಚಿಕೆಯವರೆಗೆ ಎಲ್ಲವೂ ಒಳಗೆ ಬಂದು ಅತಿವ್ಯಾಪ್ತಿಯಾಗುತ್ತದೆ.

ಆದ್ದರಿಂದ ಸಿದ್ಧಾಂತ ಇದು: ಯಾರಿಗಾದರೂ ‘ಬೇಡ’ ಎಂದು ಹೇಳುವುದೇ ಯೋಜನೆ. ಯಾರಿಗೆ ಹೇಳುತ್ತದೆ, ಹೇಳಿದ ಮೇಲೆ ಕಾಯುತ್ತದೆಯೇ, ಹೇಳಬೇಕಾದವರನ್ನು ಬಿಟ್ಟು ಹೇಳಲು ಸುಲಭವಾದವರಿಗೆ ಹೇಳುತ್ತದೆಯೇ ಎಂಬುದರ ಮೇಲೆ ಅದರ ಜಾತಿಕುಲಗಳು ಗೊತ್ತಾಗುತ್ತವೆ.

ಅರಿ ವಿಚಾರ, ಚಾರ ವಿಚಾರ

ರಾಜನೀತಿಯಲ್ಲಿ ಉಪಾಯಕ್ಕೆ ಮೊದಲು ಶತ್ರುವಿನ ಬಲಾಬಲ. ಈ ಶತ್ರು ಕಣ್ಣಿಗೆ ಕಾಣುವುದಿಲ್ಲ. ಅನುಕೂಲ ಸಿಕ್ಕರೆ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ತಾನು ಕಲಿತ ವಿದ್ಯೆಯನ್ನು ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಉಂಗುರದಲ್ಲಿಟ್ಟು ಬೇರೆ ಕುಲದ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತದೆ, ಗುರುದಕ್ಷಿಣೆ ಕೇಳುವುದಿಲ್ಲ. ಪೆನಿಸಿಲಿನ್ ಆಸ್ಪತ್ರೆಗಳಿಗೆ ಬರುವ ಮೊದಲೇ, 1940ರಲ್ಲಿ, ಅದನ್ನು ಒಡೆದುಹಾಕುವ ಕಿಣ್ವವನ್ನು ಆಬ್ರಹಾಂ ಮತ್ತು ಚೇನ್ ಎಂಬ ವಿಜ್ಞಾನಿಗಳು ಕಂಡು ವರದಿ ಮಾಡಿದ್ದರು. 1945ರ ನೊಬೆಲ್ ಉಪನ್ಯಾಸದಲ್ಲಿ ಫ್ಲೆಮಿಂಗ್ ಒಬ್ಬ ಕಾಲ್ಪನಿಕ ಗೃಹಸ್ಥನ ಕತೆ ಹೇಳಿದರು. ಗಂಟಲು ನೋವೆಂದು ಆತ ತಾನೇ ಪೆನಿಸಿಲಿನ್ ಕೊಂಡು ಅರೆಬರೆ ನುಂಗುತ್ತಾನೆ, ಅವನಿಂದ ಗಟ್ಟಿಗೊಂಡ ಸೋಂಕು ಹೆಂಡತಿಗೆ ಹತ್ತಿ ಆಕೆ ಸಾಯುತ್ತಾಳೆ. ಆ ಗೃಹಸ್ಥನ ಸಂತತಿ ಇಂದು ನಮ್ಮ ಎಲ್ಲ ತಾಲ್ಲೂಕುಗಳಲ್ಲೂ ಇದೆ. ಮೆಡಿಕಲ್ ಶಾಪಿನ ಕಟ್ಟೆಗೆ ಮೊಣಕೈ ಊರಿ ‘ಮೂರು ದಿನಕ್ಕಾಗುವಷ್ಟು ಕೊಡಿ ಸಾರ್, ಸ್ವಲ್ಪ ಪವರ್ ಇರೋದು’ ಎಂದು ಕೇಳುತ್ತದೆ.

ಶತ್ರುವಿನ ಲೆಕ್ಕ ಹೀಗಿದೆ. 2019ರಲ್ಲಿ ಔಷಧಕ್ಕೆ ಬಗ್ಗದ ಸೋಂಕೇ ನೇರ ಕಾರಣವಾಗಿ ಜಗತ್ತಿನಲ್ಲಿ 12.7 ಲಕ್ಷ ಜನ ಸತ್ತರು. ಅಂಥ ಸೋಂಕು ಜತೆಗಿದ್ದ ಸಾವುಗಳು 49.5 ಲಕ್ಷ. ಭಾರತದ ಪಾಲು ನೇರ ಸಾವಿನಲ್ಲಿ ಸುಮಾರು 2.97 ಲಕ್ಷ. 2025ರ ಅಕ್ಟೋಬರ್‌ನ ವಿಶ್ವ ಆರೋಗ್ಯ ಸಂಸ್ಥೆಯ ವರದಿಯಂತೆ, ಪ್ರಯೋಗಾಲಯದಲ್ಲಿ ಖಚಿತಪಟ್ಟ ಬ್ಯಾಕ್ಟೀರಿಯಾ ಸೋಂಕುಗಳಲ್ಲಿ ಆರಕ್ಕೊಂದು ಔಷಧಕ್ಕೆ ಮಣಿಯುವುದಿಲ್ಲ, ನಾವಿರುವ ಆಗ್ನೇಯ ಏಷ್ಯಾ ವಲಯದಲ್ಲಿ ಮೂರಕ್ಕೊಂದು.

ಈ ಲೆಕ್ಕ ತರುವವರು ಚಾರರು. ಡೆನ್ಮಾರ್ಕ್ 1995ರಲ್ಲೇ ಮನುಷ್ಯ, ಹಂದಿ, ಮಾಂಸದಂಗಡಿ ಮೂರರಿಂದಲೂ ಸುದ್ದಿ ತರಿಸುವ ‘ಡ್ಯಾನ್‌ಮ್ಯಾಪ್’ ಎಂಬ ಬೇಹುಗಾರಿಕೆ ಕಟ್ಟಿತು. ಭಾರತದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಜಾಲ 2013ರಲ್ಲಿ ಶುರುವಾಯಿತು; ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರದ ಜಾಲ ಇನ್ನೊಂದು. ನಮ್ಮ ಚಾರರ ವಾಸ ಬಹುಪಾಲು ವೈದ್ಯಕೀಯ ಕಾಲೇಜುಗಳಲ್ಲಿ ಮತ್ತು ದೊಡ್ಡ ಆಸ್ಪತ್ರೆಗಳಲ್ಲಿ. ಅಲ್ಲಿಗೆ ಬರುವ ರೋಗಿ ಆಗಲೇ ನಾಲ್ಕು ಕಡೆ ಮಾತ್ರೆ ನುಂಗಿ ಬಂದವನು. ಹಳ್ಳಿಯ ಆರ್‌ಎಂಪಿ ಡಾಕ್ಟರ ಮೇಜಿನ ಮೇಲೆ ಏನು ನಡೆಯುತ್ತದೆಂದು ರಾಜಧಾನಿಗೆ ಸುದ್ದಿ ಮುಟ್ಟಿಸುವ ಚಾರ ಇಲ್ಲ. ಕೋಟೆಯೊಳಗೆ ಗೂಢಚಾರರನ್ನಿಟ್ಟು ಗಡಿಯ ಸಮಾಚಾರ ಬರೆಯುವ ಪದ್ಧತಿ ಇದು.

ಇನ್ನು ಉಪಾಯಗಳು. ಕೌಟಿಲ್ಯ ಸಾಮ, ದಾನ, ಭೇದ, ದಂಡ ಎಂಬ ನಾಲ್ಕಕ್ಕೆ ನಿಲ್ಲಿಸಿದ. ಕಾಮಂದಕ ತನ್ನ ನೀತಿಸಾರದಲ್ಲಿ ಮಾಯೆ, ಉಪೇಕ್ಷೆ, ಇಂದ್ರಜಾಲ ಎಂಬ ಮೂರನ್ನು ಸೇರಿಸಿ ಏಳು ಮಾಡಿದ. ಇಪ್ಪತ್ತೊಂದನೆಯ ಶತಮಾನದ ಆರೋಗ್ಯ ಇಲಾಖೆಗಳನ್ನು ವಿವರಿಸಲು ನಾಲ್ಕು ಸಾಲದು, ಏಳು ಸರಿಯಾಗಿ ಹೊಂದುತ್ತವೆ.

ಸಾಮ

ಒಳ್ಳೆಯ ಮಾತಿನಿಂದ ಒಲಿಸುವುದು ಸಾಮ. ಇದಕ್ಕೆ ಶುದ್ಧ ಉದಾಹರಣೆ ಫ್ರಾನ್ಸ್. ಆ್ಯಂಟಿಬಯೋಟಿಕ್ ಬಳಕೆಯಲ್ಲಿ ಯೂರೋಪಿನ ಮುಂಚೂಣಿಯಲ್ಲಿದ್ದ ಆ ದೇಶ 2002ರಲ್ಲಿ, ಆ್ಯಂಟಿಬಯೋಟಿಕ್ ಎಂಬುದು ಕೇಳಿದ ಕೂಡಲೇ ಬರುವ ವಸ್ತುವಲ್ಲ ಎಂಬರ್ಥದ ಒಂದು ಘೋಷವಾಕ್ಯ ಕಟ್ಟಿತು. ಚಳಿಗಾಲ ಬಂದಾಗಲೆಲ್ಲ ಟೀವಿಯಲ್ಲಿ ಅದನ್ನೇ ಹೇಳಿಸಿತು. ಐದು ಚಳಿಗಾಲಗಳಲ್ಲಿ ಬರೆದ ಚೀಟಿಗಳ ಸಂಖ್ಯೆ ಕಾಲು ಭಾಗಕ್ಕಿಂತ ತುಸು ಹೆಚ್ಚೇ ಇಳಿಯಿತು. ಥಾಯ್ಲೆಂಡ್ 2007ರಲ್ಲಿ ಇನ್ನೂ ಜಾಣ ದಾರಿ ಹಿಡಿಯಿತು. ಎಲ್ಲ ಕಾಯಿಲೆಯ ಗೋಜಿಗೂ ಹೋಗದೆ ನೆಗಡಿ–ಗಂಟಲು ನೋವು, ಭೇದಿ, ಸಣ್ಣ ಗಾಯ ಎಂಬ ಮೂರನ್ನು ಮಾತ್ರ ಆರಿಸಿ, ಈ ಮೂರಕ್ಕೆ ಬೇಡ ಎಂದಿತು. ಮೂರನ್ನು ನೆನಪಿಟ್ಟುಕೊಳ್ಳುವುದು ವೈದ್ಯರಿಗೂ ಸುಲಭ, ರೋಗಿಗೂ ಸುಲಭ.

ಭಾರತದ ಸಾಮಕ್ಕೆ ‘ಕೆಂಪು ಗೆರೆ’ ಎಂದು ಹೆಸರು. 2016ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ಚಾಲನೆ ಪಡೆದ ಈ ಪ್ರಚಾರದ ಪ್ರಕಾರ, ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಎಳೆದಿದ್ದರೆ ವೈದ್ಯರ ಚೀಟಿ ಇಲ್ಲದೆ ಕೊಳ್ಳಬಾರದು. ಗೆರೆ ಎಳೆಯುವುದರಲ್ಲಿ ನಮಗೆ ರಾಮಾಯಣ ಕಾಲದಿಂದ ಅನುಭವವಿದೆ. ಗೆರೆಯ ಗತಿ ಏನಾಯಿತು ಎಂಬುದೂ ಗೊತ್ತಿದೆ. ನಮ್ಮಲ್ಲಿ ಮಾತ್ರೆ ಹಾಳೆಗಟ್ಟಲೆ ಮಾರಾಟವಾಗುವುದಕ್ಕಿಂತ ಕತ್ತರಿಯಲ್ಲಿ ತುಂಡಾಗಿ ಮಾರಾಟವಾಗುವುದು ಹೆಚ್ಚು. ಮೂರು ಮಾತ್ರೆ ಕತ್ತರಿಸಿ ಹಳೆಯ ಕವರಿಗೆ ಹಾಕಿ, ಕವರಿನ ಮೇಲೆ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಪೆನ್ನಿನಲ್ಲಿ ಗೀಚಿ ಕೊಟ್ಟಾಗ ಹೆಸರು ಯಾವ ಪಾಲಿಗೆ, ಅವಧಿ ಮುಗಿಯುವ ತಾರೀಕು ಯಾವ ಪಾಲಿಗೆ, ಗೆರೆ ಯಾವ ಪಾಲಿಗೆ ಎಂಬುದು ಕತ್ತರಿಯ ಚಿತ್ತ.

ಸಾಮದ ಸ್ವಭಾವದೋಷವೊಂದನ್ನು ಇಲ್ಲಿಯೇ ಹೇಳಿಬಿಡಬೇಕು. ಅದು ಸದಾ ರೋಗಿಯ ಕಡೆಗೆ ತಿರುಗಿ ಮಾತಾಡುತ್ತದೆ. ಕೂಲಿ ತಪ್ಪಿದರೆ ಊಟ ತಪ್ಪುವ ಮನುಷ್ಯ ವೈದ್ಯರ ಫೀಸು, ಬಸ್ಸಿನ ಚಾರ್ಜು, ಅರ್ಧ ದಿನ ಕಳೆಯುವುದಕ್ಕೆ ಬದಲು ಮೆಡಿಕಲ್ಲಿನವನನ್ನೇ ಕೇಳುತ್ತಾನೆ. ಅವನಿಗೆ ತಿಳಿವಳಿಕೆ ಕೊಟ್ಟರೆ ತಿಳಿವಳಿಕೆ ಇರುವ, ಆದರೂ ಮೆಡಿಕಲ್ಲಿಗೇ ಹೋಗುವ ಮನುಷ್ಯನಾಗುತ್ತಾನೆ.

ದಾನ

ಹೊಸ ಆ್ಯಂಟಿಬಯೋಟಿಕ್ ವಿಚಿತ್ರ ಸರಕು. ತಯಾರಾದ ಕೂಡಲೇ ಅದನ್ನು ಬೀಗ ಹಾಕಿ ಇಡಿ, ಬೇರೆ ಯಾವುದೂ ನಾಟದಾಗ ಮಾತ್ರ ತೆಗೆಯಿರಿ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಮಾರಾಟವಾಗದಿದ್ದರೆ ಕಂಪನಿ ಮುಳುಗುತ್ತದೆ ಎಂದು ಲೆಕ್ಕಶಾಸ್ತ್ರ ಹೇಳುತ್ತದೆ. ಅಮೆರಿಕದ ಅಕೇವೊಜೆನ್ ಕಂಪನಿ 2018ರ ಜೂನ್‌ನಲ್ಲಿ ಪ್ಲಾಜೊಮೈಸಿನ್ ಎಂಬ ಔಷಧಕ್ಕೆ ಅನುಮತಿ ಪಡೆಯಿತು, 2019ರ ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಎರಡು ಶಾಸ್ತ್ರಗಳೂ ಸರಿ ಎಂದು ಹತ್ತು ತಿಂಗಳಲ್ಲಿ ಸಾಬೀತಾಯಿತು.

ಇಂಗ್ಲೆಂಡ್ ಇದಕ್ಕೆ ಹುಡುಕಿದ ದಾನ, ಚಂದಾ ಪದ್ಧತಿ. 2022ರಿಂದ ಎರಡು ಔಷಧಗಳಿಗೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ವರ್ಷಕ್ಕೆ ತಲಾ ಒಂದು ಕೋಟಿ ಪೌಂಡ್‌ವರೆಗೆ ನಿಗದಿತ ಹಣ ಕೊಡತೊಡಗಿತು. ಒಂದು ಸೀಸೆ ಬಳಸಿದರೂ ಅಷ್ಟೇ, ಸಾವಿರ ಬಳಸಿದರೂ ಅಷ್ಟೇ. ಮಾರುವ ಆಸೆಯನ್ನು ಹಣ ಕೊಟ್ಟೇ ಕೊಲ್ಲುವ ಈ ಉಪಾಯವನ್ನು ಯಾವ ಪ್ರಾಚೀನನೂ ಊಹಿಸಿರಲಾರ. ಅಮೆರಿಕದಲ್ಲಿ ಇದೇ ಮಾದರಿಯ ಮಸೂದೆ 2020ರಿಂದ ಸಂಸತ್ತಿನ ಪ್ರದಕ್ಷಿಣೆ ಹಾಕಿತು, ಗರ್ಭಗುಡಿ ಸೇರಲಿಲ್ಲ. ಬೆಂಗಳೂರಿನ ಬಗ್‌ವರ್ಕ್ಸ್ ಎಂಬ ಸಣ್ಣ ಕಂಪನಿ 2017ರಲ್ಲಿ ‘ಕಾರ್ಬ್–ಎಕ್ಸ್’ ಎಂಬ ಅಂತರರಾಷ್ಟ್ರೀಯ ನಿಧಿಯ ನೆರವು ಪಡೆದು ಹೊಸ ಅಣುವಿನ ಬೆನ್ನು ಹತ್ತಿತು. ಅಂಥವರಿಗೆ ಆಸರೆ ಕೊಡುವ ಸಿ–ಕ್ಯಾಂಪ್ ಅದೇ ಊರಿನ ಜಿಕೆವಿಕೆ ಆವರಣದಲ್ಲಿದೆ. ಭಾರತದಲ್ಲೇ ರೂಪುಗೊಂಡ ನ್ಯಾಫಿಥ್ರೊಮೈಸಿನ್ ಎಂಬ ಆ್ಯಂಟಿಬಯೋಟಿಕ್ 2024ರ ನವೆಂಬರ್‌ನಲ್ಲಿ ಹೊರಬಂತು.

ದಾನಪ್ರಕರಣದಲ್ಲಿ ಒಂದು ಪರಿಶಿಷ್ಟ ಅಗತ್ಯ. ‘ಬೇಡ’ ಎನ್ನುವುದು ಯೋಜನೆಯ ಲಕ್ಷಣವೆಂದೆವು, ಆದರೆ ‘ತಗೋ’ ಎನ್ನಬೇಕಾದ ಕಡೆ ಅದೂ ಬೇಕು. ಭಾರತವೂ ಸೇರಿದಂತೆ ಎಂಟು ದೇಶಗಳ 2019ರ ಲೆಕ್ಕ ತೆಗೆದ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ಕಾರ್ಬಪೆನೆಮ್‌ನಂಥ ಪ್ರಬಲ ಔಷಧಕ್ಕೂ ಬಗ್ಗದ ಸೋಂಕು ತಗುಲಿದವರಲ್ಲಿ ತಕ್ಕ ಆ್ಯಂಟಿಬಯೋಟಿಕ್ ಸಿಕ್ಕಿದ್ದು ಶೇ 7ರಷ್ಟು ಜನರಿಗೆ. ನೆಗಡಿಗೆ ಬೇಕಿಲ್ಲದ ಔಷಧ ಎಲ್ಲ ಅಂಗಡಿಯಲ್ಲಿದೆ, ರಕ್ತಕ್ಕೆ ನಂಜೇರಿದವನಿಗೆ ಬೇಕಾದದ್ದು ಜಿಲ್ಲಾಸ್ಪತ್ರೆಯ ಆಚೆಗೂ ಸಿಗುವುದಿಲ್ಲ. ಬಡ ದೇಶಗಳ ಯೋಜನೆಗಳನ್ನು ಶ್ರೀಮಂತ ದೇಶಗಳ ಯೋಜನೆಗಳಂತೆಯೇ ಬರೆಯುವವರು ಈ ಪರಿಶಿಷ್ಟವನ್ನು ಓದಿಕೊಳ್ಳುವುದು ಲೇಸು.

ಭೇದ

ಒಟ್ಟಿಗಿರುವುದನ್ನು ಒಡೆಯುವುದು ಭೇದ. ಇದರಲ್ಲಿ ಎರಡು ಬಗೆ.

ಮೊದಲನೆಯದು ಲಜ್ಜಾಭೇದ. 2014ರಲ್ಲಿ ಇಂಗ್ಲೆಂಡಿನ ಮುಖ್ಯ ವೈದ್ಯಾಧಿಕಾರಿ ಅತಿ ಹೆಚ್ಚು ಆ್ಯಂಟಿಬಯೋಟಿಕ್ ಬರೆಯುವ ಕ್ಲಿನಿಕ್ಕುಗಳನ್ನು ಆರಿಸಿ, ನಿಮ್ಮ ಸುತ್ತಿನ ಶೇ 80ರಷ್ಟು ಕ್ಲಿನಿಕ್ಕುಗಳು ನಿಮಗಿಂತ ಕಡಿಮೆ ಬರೆಯುತ್ತವೆ ಎಂಬ ಒಂದು ಕಾಗದ ಹಾಕಿದರು. ಬೆದರಿಕೆಯಿಲ್ಲ, ದಂಡವಿಲ್ಲ. ಆರು ತಿಂಗಳಲ್ಲಿ ಬರವಣಿಗೆ ಶೇ 3.3ರಷ್ಟು ಇಳಿಯಿತು. ಅಂಕಿ ಸಣ್ಣದು, ಖರ್ಚು ಅಂಚೆವೆಚ್ಚ. ರೋಗಿಗಳಿಗಾಗಿ ಹಾಕಿಸಿದ ಭಿತ್ತಿಪತ್ರಕ್ಕೆ ಆ ಪ್ರಯೋಗದಲ್ಲಿ ಫಲ ಕಾಣಲಿಲ್ಲ, ವೈದ್ಯರಿಗೆ ಕಳಿಸಿದ ಕಾಗದಕ್ಕೆ ಕಂಡಿತು ಎಂಬುದನ್ನು ಸಾಮಪ್ರಿಯರು ಗಮನಿಸಬೇಕು.

ಎರಡನೆಯದು ಲೇಖನೀ–ಗಲ್ಲಾ ಭೇದ. ಬರೆಯುವ ಲೇಖನಿಯನ್ನೂ ಹಣ ಬೀಳುವ ಗಲ್ಲಾಪೆಟ್ಟಿಗೆಯನ್ನೂ ಬೇರೆ ಮಾಡುವುದು. ನಮ್ಮ ಮತದಲ್ಲಿ ಏಳು ಉಪಾಯಗಳಲ್ಲಿ ಇದರಷ್ಟು ಪರಿಣಾಮಕಾರಿಯಾದದ್ದು, ಇದರಷ್ಟು ಜನಪ್ರಿಯವಲ್ಲದ್ದು ಇನ್ನೊಂದಿಲ್ಲ. ಡೆನ್ಮಾರ್ಕ್ 1990ರ ದಶಕದ ನಡುವಿನಲ್ಲಿ, ಪಶುವೈದ್ಯರು ತಾವೇ ಬರೆದ ಔಷಧವನ್ನು ತಾವೇ ಮಾರಿ ಲಾಭ ಮಾಡುವುದಕ್ಕೆ ಕಡಿವಾಣ ಹಾಕಿತು. ಹಂದಿಗಳ ಕಾಯಿಲೆ ತಕ್ಷಣ ಕಡಿಮೆಯಾದಂತೆ ತೋರಿತು. ದಕ್ಷಿಣ ಕೊರಿಯಾ 2000ದಲ್ಲಿ ಚೀಟಿ ಬರೆಯುವ ಕೆಲಸ ವೈದ್ಯರಿಗೆ, ಮಾತ್ರೆ ಕೊಡುವ ಕೆಲಸ ಔಷಧಾಲಯಕ್ಕೆ ಎಂದು ಹಂಚಿತು. ಡಾಕ್ಟರರು ಬೀದಿಗಿಳಿದು ಮುಷ್ಕರ ಹೂಡಿದರು. ಚೀನಾದ ಸರ್ಕಾರಿ ಆಸ್ಪತ್ರೆಗಳು ಔಷಧದ ಮೇಲೆ ಶೇ 15ರಷ್ಟು ಇಟ್ಟುಕೊಳ್ಳುತ್ತಿದ್ದ ಲಾಭವನ್ನು 2017ರ ವೇಳೆಗೆ ತೆಗೆದುಹಾಕಲಾಯಿತು.

ನಮ್ಮಲ್ಲಿ ಲೇಖನಿ ಒಳಕೋಣೆಯಲ್ಲಿರುತ್ತದೆ, ಗಲ್ಲಾ ಹೊರಕೋಣೆಯಲ್ಲಿ. ನಡುವೆ ಒಂದು ಪರದೆ. ಈ ಪರದೆಯ ಬಗ್ಗೆ ರಾಷ್ಟ್ರೀಯ ಯೋಜನೆಗಳು ಸಭ್ಯತೆಗೆಂದೇ ಮಾತೆತ್ತುವುದಿಲ್ಲ.

ದಂಡ

ದಂಡದಲ್ಲಿ ಚೀನಾ ಚಕ್ರವರ್ತಿ. 2011ರಲ್ಲಿ ಅದು ಹೂಡಿದ ವಿಶೇಷ ಅಭಿಯಾನದ ಪ್ರಕಾರ ದೊಡ್ಡಾಸ್ಪತ್ರೆ 50 ಬಗೆಗಿಂತ ಹೆಚ್ಚಿನ ಆ್ಯಂಟಿಬಯೋಟಿಕ್ ಇಡುವಂತಿಲ್ಲ, ಎರಡನೆಯ ದರ್ಜೆಯದು 35ಕ್ಕಿಂತ ಹೆಚ್ಚು ಇಡುವಂತಿಲ್ಲ; ಹೊರರೋಗಿಗಳ ಚೀಟಿಗಳಲ್ಲಿ ಆ್ಯಂಟಿಬಯೋಟಿಕ್ ಶೇ 20 ದಾಟುವಂತಿಲ್ಲ. ದಾಟಿದರೆ ಬರೆದ ವೈದ್ಯನ ಹಕ್ಕಿಗೆ ಕುತ್ತು, ಆಸ್ಪತ್ರೆಯ ಮುಖ್ಯಸ್ಥನ ಕುರ್ಚಿಗೂ ಕುತ್ತು. ಬ್ರೆಜಿಲ್ 2010ರಲ್ಲಿ ಚೀಟಿಯ ಒಂದು ಪ್ರತಿಯನ್ನು ಔಷಧಾಲಯವೇ ಇಟ್ಟುಕೊಳ್ಳಬೇಕೆಂದಿತು. ಡೆನ್ಮಾರ್ಕಿನದು ಕ್ರೀಡಾದಂಡ: 2010ರಿಂದ, ಸರಾಸರಿಯ ಎರಡು ಪಟ್ಟಿಗಿಂತ ಹೆಚ್ಚು ಔಷಧ ಬಳಸುವ ಹಂದಿ ಸಾಕಣೆದಾರನಿಗೆ ಫುಟ್‌ಬಾಲಿನಂತೆ ಹಳದಿ ಕಾರ್ಡು. ಕಾರ್ಡು ಬಂದ ಮೇಲೆ ತನಿಖೆಯ ಖರ್ಚೂ ಅವನದೇ.

ಭಾರತದ ದಂಡಕ್ಕೆ ಅನುಸೂಚಿ ‘ಎಚ್‌1’ ಎಂದು ಹೆಸರು. 2013ರಲ್ಲಿ ಅಧಿಸೂಚನೆಯಾಗಿ 2014ರ ಮಾರ್ಚ್ 1ರಿಂದ ಜಾರಿಗೆ ಬಂತು. ಅದರಲ್ಲಿ 46 ಔಷಧಗಳು. ಸೆಫಲೊಸ್ಪೊರಿನ್‌ಗಳ ಹೊಸ ಪೀಳಿಗೆ, ಕಾರ್ಬಪೆನೆಮ್, ಕ್ಷಯದ ಔಷಧ ಎಲ್ಲ ಇವೆ. ಇವುಗಳನ್ನು ಮಾರುವಾಗ ಪ್ರತ್ಯೇಕ ಪುಸ್ತಕದಲ್ಲಿ ರೋಗಿಯ ಹೆಸರು, ಬರೆದ ವೈದ್ಯರ ಹೆಸರು–ವಿಳಾಸ, ಔಷಧ, ಪ್ರಮಾಣ ಎಲ್ಲವನ್ನೂ ನಮೂದಿಸಿ ಆ ಪುಸ್ತಕವನ್ನು ಮೂರು ವರ್ಷ ಕಾಪಾಡಬೇಕು. ಈ ಪುಸ್ತಕ ಸಾಹಿತ್ಯದ ಯಾವ ಪ್ರಕಾರಕ್ಕೆ ಸೇರುತ್ತದೆಂದು ಪಂಡಿತರಲ್ಲಿ ಜಿಜ್ಞಾಸೆಯಿದೆ. ದಿನಚರಿಯೆಂದು ಕೆಲವರು. ಇನ್‌ಸ್ಪೆಕ್ಟರ್ ಬರುವ ಹಿಂದಿನ ರಾತ್ರಿ ಒಂದೇ ಕೈಯಲ್ಲಿ, ಒಂದೇ ಪೆನ್ನಿನಲ್ಲಿ ಮೂಡುವ ಪ್ರತಿಗಳನ್ನು ಕಂಡವರು ಕಾದಂಬರಿಯೆನ್ನುತ್ತಾರೆ.

ದಂಡವನ್ನು ಸಾಮದೊಡನೆ ಬೆರೆಸಿದರೆ ಏನಾಗುತ್ತದೆಂದು ತೋರಿಸಿದ್ದು ಕೇರಳ. ಆರೋಗ್ಯ ರಾಜ್ಯಪಟ್ಟಿಯ ವಿಷಯವಾದ್ದರಿಂದ ದೆಹಲಿಯ ಹೊತ್ತಗೆ ರಾಜ್ಯಗಳಲ್ಲಿ ಮರುಹುಟ್ಟು ಪಡೆಯಬೇಕು. ಹಾಗೆ ಮೊದಲು ಹೆತ್ತದ್ದು ಕೇರಳ, 2018ರ ಅಕ್ಟೋಬರ್‌ನಲ್ಲಿ. 2024ರ ಜನವರಿಯಲ್ಲಿ ‘ಆಪರೇಷನ್ ಅಮೃತ್’ ಎಂಬ ಹೆಸರಿನಲ್ಲಿ ಔಷಧ ನಿಯಂತ್ರಣ ಇಲಾಖೆ ಮೆಡಿಕಲ್ ಶಾಪುಗಳ ತಪಾಸಣೆಗಿಳಿಯಿತು. ಚೀಟಿಯಿಲ್ಲದೆ ಆ್ಯಂಟಿಬಯೋಟಿಕ್ ಕೊಡುವುದಿಲ್ಲವೆಂಬ ಫಲಕ ಅಂಗಡಿಯಲ್ಲಿ ಹಾಕಿಸಿತು, ಮಾರಿದವರ ಮೇಲೆ ದೂರು ಕೊಡಿ ಎಂದು ಗಿರಾಕಿಗಳಿಗೇ ಹೇಳಿತು. ಜತೆಗೆ ನೀಲಿ ಕವರಿನಲ್ಲಿ ಮಾತ್ರೆ ಹಾಕಿಕೊಡುವ ಏರ್ಪಾಡು. ಅಲ್ಲಿ ಮಾರಾಟ ಶೇ 20–30ರಷ್ಟು ಇಳಿದಿದೆಯೆಂದು ಸರ್ಕಾರ ಹೇಳಿದೆ. ಸರ್ಕಾರದ ಬಾಯಿಂದ ಬಂದ ಅಂಕಿಯಾದ್ದರಿಂದ ಸ್ವಲ್ಪ ಕಳೆದು ಓದಿದರೂ, ಒಂದು ರಾಜ್ಯ ಅಂಗಡಿಯವನಿಗೆ ‘ಬೇಡ’ ಎಂದು ಹೇಳಿ, ಹೇಳಿದ ಮಾತನ್ನು ಕಾಯಲು ಜನರನ್ನೂ ಕಳಿಸಿತು.

ಮಾಯೆ

ರೂಪ ಬದಲಿಸಿ ಸುಳಿದಾಡುವುದು ಮಾಯೆ. ಇದರಲ್ಲಿ ಮಾಯಾವಿ ರಾಷ್ಟ್ರವಲ್ಲ. ರಾಷ್ಟ್ರ ಯಾವುದನ್ನು ನಿಷೇಧಿಸುತ್ತದೋ ಅದು.

ಕೋಳಿ, ಹಂದಿಗಳಿಗೆ ಮೇವಿನ ಜತೆ ಸ್ವಲ್ಪಸ್ವಲ್ಪ ಆ್ಯಂಟಿಬಯೋಟಿಕ್ ಕೊಟ್ಟರೆ ಬೇಗ ಕೊಬ್ಬುತ್ತವೆ. ಸ್ವೀಡನ್ 1986ರಲ್ಲೇ ಇದನ್ನು ನಿಲ್ಲಿಸಿತು, ಅದೂ ಅಲ್ಲಿನ ರೈತ ಸಂಘಟನೆಯೇ ಕೇಳಿಕೊಂಡು. ಯೂರೋಪ್ ಒಕ್ಕೂಟ ಪೂರ್ತಿ ನಿಲ್ಲಿಸಿದ್ದು 2006ರ ಜನವರಿಯಿಂದ. ಆಗ ನೆದರ್ಲೆಂಡ್ಸ್‌ನಲ್ಲಿ ಮಾಯೆ ಕೆಲಸ ಮಾಡಿತು. ಬೆಳವಣಿಗೆಗೆಂದು ಕೊಡುವುದು ನಿಲ್ಲುತ್ತ ಬಂದಂತೆ ‘ಚಿಕಿತ್ಸೆ’ಗೆಂದು ಕೊಡುವುದು ಏರುತ್ತ ಹೋಯಿತು, ಒಟ್ಟು ಮೊತ್ತ ಹೆಚ್ಚುಕಡಿಮೆ ಹಾಗೇ ಉಳಿಯಿತು. ಕೋಳಿಗೆ ಹೋದದ್ದು ಅದೇ ಪುಡಿ. ಚೀಲದ ಮೇಲಿನ ಕಾರಣ ಬೇರೆ. ಡಚ್ಚರು ಮಾಯೆಯನ್ನು ಹರಿದದ್ದು 2009ರ ನಂತರ, ಪ್ರತಿ ಸಾಕಣೆದಾರನ, ಪ್ರತಿ ಪಶುವೈದ್ಯನ ಲೆಕ್ಕ ಹಾಕಿ ಪಕ್ಕಪಕ್ಕ ಇಟ್ಟ ಮೇಲೆ. ಬಳಕೆ ಅರ್ಧಕ್ಕಿಂತ ಕೆಳಗಿಳಿಯಿತು. ಅಮೆರಿಕ 2017ರಲ್ಲಿ ಮನುಷ್ಯರಿಗೆ ಮುಖ್ಯವಾದ ಔಷಧಗಳನ್ನು ಬೆಳವಣಿಗೆಗೆ ಬಳಸಕೂಡದೆಂದಿತು, ‘ಕಾಯಿಲೆ ಬಾರದಿರಲಿ’ ಎಂದು ಕೊಡುವ ಬಾಗಿಲನ್ನು ತೆರೆದೇ ಇಟ್ಟಿತು.

ಮಾಯಾಪ್ರಕರಣದ ದುಃಖದ ನಾಯಕ ಕೊಲಿಸ್ಟಿನ್. ಮೂತ್ರಪಿಂಡಕ್ಕೆ ಕೆಡುಕೆಂದು ವೈದ್ಯರು ಒಮ್ಮೆ ಮೂಲೆಗಿಟ್ಟಿದ್ದ ಹಳೆಯ ಔಷಧ ಇದು. ಬೇರೆಲ್ಲ ಸೋತಾಗ ಐಸಿಯುವಿಗೆ ಮರಳಿ ಕರೆತಂದರು. ಅತ್ತ ಕೊನೆಯ ಅಸ್ತ್ರವೆಂದು ಐಸಿಯುವಿನಲ್ಲಿ ತೊಟ್ಟುತೊಟ್ಟಾಗಿ ಬಳಸುತ್ತಿರುವಾಗ ಇತ್ತ ಅದು ಕೋಳಿಮೇವಿನ ಮೂಟೆಗಳಲ್ಲಿತ್ತು. 2015ರಲ್ಲಿ ಚೀನಾದ ಹಂದಿಗಳಲ್ಲಿ, ಕೊಲಿಸ್ಟಿನ್‌ಗೆ ಬಗ್ಗದಂತೆ ಮಾಡುವ ‘ಎಂಸಿಆರ್–1’ ಎಂಬ, ಬ್ಯಾಕ್ಟೀರಿಯಾದಿಂದ ಬ್ಯಾಕ್ಟೀರಿಯಾಕ್ಕೆ ದಾಟುವ ಜೀನ್ ಸಿಕ್ಕಿತು. ಚೀನಾ 2017ರಲ್ಲಿ ಅದನ್ನು ಮೇವಿನಿಂದ ತೆಗೆಸಿತು. ಭಾರತ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ತಯಾರಿಸಿ ಮಾರುವುದನ್ನೇ ನಿಷೇಧಿಸಿತು. ರಾಷ್ಟ್ರೀಯ ಯೋಜನೆಯ ಕಾಲದಲ್ಲಿ ಭಾರತ ಹೇಳಿದ ಅತ್ಯಂತ ಸ್ಪಷ್ಟವಾದ ‘ಬೇಡ’ ಇದು. ನ್ಯಾಯವಾಗಿ ಶ್ಲಾಘಿಸಬೇಕು.

ಎರಡು ಔಷಧ ಬೆರೆಸಿ ಒಂದು ಮಾತ್ರೆಯ ವೇಷ ಹಾಕಿಸಿದ ಸಂಯೋಜನೆಗಳೂ ಈ ಪ್ರಕರಣಕ್ಕೇ ಸೇರುತ್ತವೆ. 2016ರಲ್ಲಿ 344, ಕೋರ್ಟಿನ ಹಾದಿ ಸುತ್ತಿ ಬಂದು 2018ರಲ್ಲಿ 328ನ್ನು ಕೇಂದ್ರ ನಿಷೇಧಿಸಿತು.

ಉಪೇಕ್ಷೆ

ಕಂಡೂ ಕಾಣದಂತಿರುವುದು ಉಪೇಕ್ಷೆ. ಇದಕ್ಕೆ ವೆಚ್ಚವಿಲ್ಲ, ಸಿಬ್ಬಂದಿ ಬೇಡ, ವರದಿ ಒಪ್ಪಿಸಬೇಕಿಲ್ಲ. ಹಾಗಾಗಿ ರಾಷ್ಟ್ರಗಳಲ್ಲಿ ಅತ್ಯಂತ ಪ್ರಚಾರದಲ್ಲಿರುವ ಉಪಾಯ.

ಲಕ್ಷ್ಯ: ಹೈದರಾಬಾದ್ ಬಳಿಯ ಪಟಾನ್‌ಚೆರು. ಜಗತ್ತಿಗೆಲ್ಲ ಅಗ್ಗದ ಔಷಧ ಮಾಡಿಕೊಡುವ ಹತ್ತಾರು ಕಾರ್ಖಾನೆಗಳ ಕೊಳಚೆ ಸೇರುವ ಒಂದು ಶುದ್ಧೀಕರಣ ಘಟಕ ಅಲ್ಲಿದೆ. 2007ರಲ್ಲಿ ಸ್ವೀಡನ್ನಿನ ಯೋಆಕಿಂ ಲಾರ್ಸನ್ ಮತ್ತು ಸಂಗಡಿಗರು ಆ ಘಟಕದಿಂದ ‘ಶುದ್ಧ’ವಾಗಿ ಹೊರಬಂದ ನೀರನ್ನು ಪರೀಕ್ಷಿಸಿದರು. ಲೀಟರಿಗೆ 31,000 ಮೈಕ್ರೊಗ್ರಾಂವರೆಗೆ ಸಿಪ್ರೊಫ್ಲೊಕ್ಸಾಸಿನ್ ಇತ್ತು. ಈ ಔಷಧವನ್ನು ನುಂಗಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತ ಹೆಚ್ಚು. ಫ್ಲೆಮಿಂಗರ ಗೃಹಸ್ಥ ಅರೆಬರೆ ನುಂಗಿ ಬ್ಯಾಕ್ಟೀರಿಯಾಕ್ಕೆ ಪಾಠ ಹೇಳಿದ್ದ. ಇಲ್ಲಿ ಹಳ್ಳಕ್ಕೇ ಗುರುಕುಲ ತೆರೆದಾಗಿತ್ತು, ಹಗಲೂ ರಾತ್ರಿ.

ಕೇಂದ್ರ ಪರಿಸರ ಸಚಿವಾಲಯ 2020ರ ಜನವರಿಯಲ್ಲಿ, ಕಾರ್ಖಾನೆಯ ನೀರಿನಲ್ಲಿ ಯಾವ ಆ್ಯಂಟಿಬಯೋಟಿಕ್ ಎಷ್ಟರ ಮಿತಿಯಲ್ಲಿರಬೇಕೆಂದು ಕರಡು ನಿಯಮ ಪ್ರಕಟಿಸಿತು. ಅಂಥ ಕೆಲಸಕ್ಕೆ ಕೈಹಾಕಿದ ಮೊದಲ ಕೆಲವೇ ಸರ್ಕಾರಗಳಲ್ಲಿ ನಮ್ಮದೂ ಒಂದೆಂದು ಹೊರದೇಶದವರು ಬೆರಗಾದರು. 2021ರ ಆಗಸ್ಟ್‌ನಲ್ಲಿ ಅಂತಿಮ ಅಧಿಸೂಚನೆ ಬಂತು. ಅದರಲ್ಲಿ ಆ ಮಿತಿಗಳು ಇರಲಿಲ್ಲ. ನಿರಾಕರಿಸಿದರೆ ಅದು ನಿರ್ಧಾರ, ಕಾರಣ ಹೇಳಬೇಕಾಗುತ್ತದೆ. ಕರಡಿನಲ್ಲಿದ್ದದ್ದು ಅಂತಿಮದಲ್ಲಿ ಇಲ್ಲದಿದ್ದರೆ ಅದು ಲೋಪ, ವ್ಯಾಕರಣದಲ್ಲೂ ಅದಕ್ಕೆ ಅವಕಾಶವಿದೆ.

ಇನ್ನೊಂದು ಹೈದರಾಬಾದ್ ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿದೆ. ಅಲ್ಲಿ 2016ರಲ್ಲಿ ಬಹುತೇಕ ಎಲ್ಲ ಔಷಧಗಳಿಗೂ ಬಗ್ಗದ ಟೈಫಾಯ್ಡ್ ಎದ್ದಿತು. ಚರಂಡಿಯ ನೀರು ಕುಡಿಯುವ ನೀರಿಗೆ ಬೆರೆಯುವ ಊರುಗಳ ಕಾಯಿಲೆ ಅದು. ಪಾಕಿಸ್ತಾನ 2019ರ ನವೆಂಬರ್‌ನಲ್ಲಿ ಟೈಫಾಯ್ಡ್‌ನ ಹೊಸ ಲಸಿಕೆಯನ್ನು ಮಕ್ಕಳ ನಿತ್ಯದ ಲಸಿಕಾ ಕಾರ್ಯಕ್ರಮಕ್ಕೆ ಸೇರಿಸಿತು. ಹಾಗೆ ಮಾಡಿದ ಮೊದಲ ದೇಶ ಅದೇ. ಆ್ಯಂಟಿಬಯೋಟಿಕ್ ಎಂಬ ಶಬ್ದವನ್ನೇ ಎತ್ತದೆ ಆ್ಯಂಟಿಬಯೋಟಿಕ್ಕಿನ ಅಗತ್ಯವನ್ನು ತೆಗೆದುಹಾಕುವ ಈ ಬಗೆಯನ್ನು ನಮ್ಮ ಏಳು ಪೆಟ್ಟಿಗೆಗಳಲ್ಲಿ ಯಾವುದಕ್ಕೆ ಹಾಕುವುದೆಂದು ತಿಳಿಯುವುದಿಲ್ಲ. ಉಪೇಕ್ಷೆಯ ಪಕ್ಕದಲ್ಲಿಟ್ಟಿದ್ದೇವೆ, ಏಕೆಂದರೆ ಹೊತ್ತಗೆಗಳು ಅದನ್ನು ಅಲ್ಲಿಯೇ ಇಟ್ಟಿವೆ. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಲೇಖನಮಾಲೆಯೊಂದು ಲೆಕ್ಕ ಹಾಕಿತು: ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಆಸ್ಪತ್ರೆಗಳ ಶುಚಿತ್ವದಿಂದ ವರ್ಷಕ್ಕೆ 3,37,000, ಶುದ್ಧ ನೀರು–ಶೌಚಾಲಯದಿಂದ 2,47,800, ಮಕ್ಕಳ ಲಸಿಕೆಗಳಿಂದ 1,81,500 ಸಾವು ತಪ್ಪಿಸಬಹುದು. ಒಟ್ಟು ಏಳೂವರೆ ಲಕ್ಷದ ಮೇಲೆ. ಇದಕ್ಕೆ ಬೇಕಾದವರು ಪೈಪು ಹಾಕುವವರು, ಕೈತೊಳೆಯುವ ನರ್ಸುಗಳು, ಆಶಾ ಕಾರ್ಯಕರ್ತೆಯರು. ಅಂತರರಾಷ್ಟ್ರೀಯ ಸಮ್ಮೇಳನಗಳ ವೇದಿಕೆಯಲ್ಲಿ ಅವರಿಗೆ ಕುರ್ಚಿ ಹಾಕುವ ರೂಢಿ ಇಲ್ಲ.

ಇಂದ್ರಜಾಲ

ಇಲ್ಲದ ಸೈನ್ಯವನ್ನು ಇರುವಂತೆ ತೋರಿಸಿ ಶತ್ರುವನ್ನು ಬೆದರಿಸುವುದು ಇಂದ್ರಜಾಲ. 2016ರಲ್ಲಿ ಒಮ್ಮೆ, 2024ರ ಸೆಪ್ಟೆಂಬರ್‌ನಲ್ಲಿ ಮತ್ತೊಮ್ಮೆ ವಿಶ್ವಸಂಸ್ಥೆಯ ಮಹಾಸಭೆಯ ಘೋಷಣೆ. 2022ರಲ್ಲಿ ಮಸ್ಕತ್ ಪ್ರಣಾಳಿಕೆ. 2024ರ ನವೆಂಬರ್‌ನಲ್ಲಿ ಜೆಡ್ಡಾ ಬದ್ಧತೆಗಳು. ನಮ್ಮದೇ ದೆಹಲಿ ಘೋಷಣೆ 2017ರ ಏಪ್ರಿಲ್‌ನಲ್ಲಿ. ಪ್ರತಿವರ್ಷ ನವೆಂಬರ್ 18ರಿಂದ 24ರವರೆಗೆ ಜಾಗೃತಿ ಸಪ್ತಾಹ, ಕಟ್ಟಡಗಳಿಗೆ ನೀಲಿ ದೀಪ. ಬ್ಯಾಕ್ಟೀರಿಯಾಕ್ಕೆ ಕಣ್ಣಿಲ್ಲದಿರುವುದು ಈ ಉಪಾಯದ ಮುಖ್ಯ ತೊಡಕು.

ಆದರೂ ಪೂರ್ತಿ ಹಳಿಯಲಾಗದು. 2024ರ ಘೋಷಣೆಯಲ್ಲಿ ಹಿಡಿದು ಕೇಳಬಹುದಾದ ಎರಡು ಅಂಕಿಗಳಿವೆ: 2019ರ 49.5 ಲಕ್ಷ ಸಾವನ್ನು 2030ರೊಳಗೆ ಶೇ 10ರಷ್ಟು ಇಳಿಸುವುದು, ಮತ್ತು ಮನುಷ್ಯರಿಗೆ ಕೊಡುವ ಆ್ಯಂಟಿಬಯೋಟಿಕ್‌ಗಳಲ್ಲಿ ಶೇ 70ರಷ್ಟಾದರೂ ವಿಶ್ವ ಆರೋಗ್ಯ ಸಂಸ್ಥೆಯ ‘ಆ್ಯಕ್ಸೆಸ್’ ಪಟ್ಟಿಯ ಸೌಮ್ಯ ಔಷಧಗಳೇ ಇರುವಂತೆ ಮಾಡುವುದು. ಕೃಷಿ–ಪಶುಸಾಕಣೆಯಲ್ಲಿನ ಬಳಕೆಯ ಬಗ್ಗೆ ಅಂಥದೊಂದು ಅಂಕಿ ಕರಡಿನಲ್ಲಿತ್ತು. ಅಂತಿಮದಲ್ಲಿ ಇರಲಿಲ್ಲ. ಹಿಂದಿನ ಪ್ರಕರಣದ ಓದುಗರಿಗೆ ಈ ರೂಪಸಿದ್ಧಿ ಪರಿಚಿತ.

ಇಂದ್ರಜಾಲಕ್ಕೆ ಪ್ರತಿಯಾದ ನಾಟಕವೊಂದು 2010ರಲ್ಲಿ ನಡೆಯಿತು. ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ ಭಾರತ ಮೂಲದ ರೋಗಿಯೊಬ್ಬರಲ್ಲಿ ಸಿಕ್ಕ ಕಿಣ್ವಕ್ಕೆ ಸಂಶೋಧಕರು ‘ನ್ಯೂ ಡೆಲ್ಲಿ ಮೆಟಲ್ಲೊ–ಬೀಟಾ–ಲ್ಯಾಕ್ಟಮೇಸ್–1’ ಎಂದು ಹೆಸರಿಟ್ಟಿದ್ದರು. ರಾಜಧಾನಿಗೆ ಅವಮಾನವಾಯಿತೆಂದು, ವೈದ್ಯಕೀಯ ಪ್ರವಾಸೋದ್ಯಮದ ಮೇಲಿನ ಪಿತೂರಿಯೆಂದು ಸರ್ಕಾರ ಕೆರಳಿತು. ಎಷ್ಟೋ ದಿನ ವಾದ ನಡೆದದ್ದು ಹೆಸರಿನ ಮೇಲೆ. ಕೊನೆಗೆ ಒಳ್ಳೆಯದೂ ಆಯಿತು: ಆ ಮುಜುಗರ ಇರದಿದ್ದರೆ 2011ರ ರಾಷ್ಟ್ರೀಯ ನೀತಿ, 2012ರಲ್ಲಿ ವೈದ್ಯಸಂಘಗಳು ಕೂಡಿ ಬರೆದ ಚೆನ್ನೈ ಘೋಷಣೆ, ಆ ಮೇಲಿನ ಎಚ್‌1, ಇಷ್ಟು ಬೇಗ ಬರುತ್ತಿರಲಿಲ್ಲವೆಂದು ನಮ್ಮ ಊಹೆ.

ನಿರ್ಣಯ

ಭಾರತದ ಮೊದಲ ಯೋಜನೆಯ ಅವಧಿ 2017ರಿಂದ 2021. ಎರಡನೆಯದು, 2025ರಿಂದ 2029ರದು, ಬಿಡುಗಡೆಯಾದದ್ದು 2025ರ ನವೆಂಬರ್ 18ರಂದು, ಜಾಗೃತಿ ಸಪ್ತಾಹದ ಮೊದಲ ದಿನ. ನಡುವಿನ ವರ್ಷಗಳನ್ನು ಉಪೇಕ್ಷಾಪ್ರಕರಣಕ್ಕೆ ಸೇರಿಸಿಕೊಳ್ಳತಕ್ಕದ್ದು. ಮೊದಲನೆಯದು ಮುಕ್ಕಾಲು ಸಾಮ, ಅಲ್ಲಲ್ಲಿ ದಂಡ, ಕೊಲಿಸ್ಟಿನ್ನಿನ ಒಂದು ಕಡೆ ನಿಜವಾದ ಧೈರ್ಯ. ರೋಗಿಗೆ ‘ಬೇಡ’ ಎಂದಿತು, ಅಂಗಡಿಯವನಿಗೆ ಅರ್ಧ ಸ್ವರದಲ್ಲಿ ಎಂದಿತು, ಕೋಳಿಫಾರಂಗೆ ಒಮ್ಮೆ ಎಂದಿತು, ಕಾರ್ಖಾನೆಗೆ ಎನ್ನಲು ಬಾಯಿ ತೆರೆದು ಮುಚ್ಚಿಕೊಂಡಿತು. ಎರಡನೆಯದರ ಜಾತಿ ನಿರ್ಣಯಕ್ಕೆ ಪುಟಗಳನ್ನು ಓದುವ ಶ್ರಮ ಬೇಕಿಲ್ಲ. ಔಷಧ ಕಾರ್ಖಾನೆಯ ಕೊಳವೆಯಿಂದ ಹೊರಬರುವ ನೀರಿಗೆ ಕಾನೂನಿನಲ್ಲಿ ಒಂದು ಅಂಕಿ ಬರುತ್ತದೋ ಇಲ್ಲವೋ ನೋಡಿದರೆ ಸಾಕು.

ಅಲ್ಲಿಯವರೆಗೆ ಓದುಗರ ಕೈಯಲ್ಲಿರುವುದು ಎಚ್‌1 ಪುಸ್ತಕವೊಂದೇ. ಮುಂದಿನ ಸಲ ಚೀಟಿ ಹಿಡಿದು ಕೆಂಪು ಚೌಕಟ್ಟಿನ ಎಚ್ಚರಿಕೆ ಇರುವ ಔಷಧ ಕೊಳ್ಳುವಾಗ, ನನ್ನ ಹೆಸರು ಬರೆದುಕೊಂಡಿರಾ ಎಂದು ಕೇಳಿ. ಬರೆಯುವವರೆಗೆ ಕಟ್ಟೆ ಬಿಟ್ಟು ಕದಲಬೇಡಿ.